ಟ್ಯಾಂಕಿನಿಂದ ಜೆಟ್ಟಿನವರೆಗೆ

ಬೇಸಿಗೆಯಲ್ಲಿ ಚಾರ್ಮಾಡಿ, ಆಗುಂಬೆ, ಶಿರಾಡಿ ಘಾಟಿ ಹತ್ತುವ ಅಂಬಾಸಿಡರ್, ಫಿಯೆಟ್ ಚಾಲಕರು ಒಂದು ಕಾಲದಲ್ಲಿ ಎರಡು ವಸ್ತುಗಳನ್ನು ಮರೆಯದೆ ಜೊತೆಗಿಟ್ಟುಕೊಳ್ಳುತ್ತಿದ್ದರು: ಒಂದು ಕ್ಯಾನ್ ನೀರು, ಒಂದು ತುಂಡು ಹಳೇ ಬಟ್ಟೆ. ನೀರು ರೇಡಿಯೇಟರಿಗೆ ಎಂದು ಪ್ರಯಾಣಿಕರಿಗೂ ಗೊತ್ತಿತ್ತು. ಬಟ್ಟೆ ಯಾಕೆಂದು ತಿಳಿಯುತ್ತಿದ್ದದ್ದು ಏರಿನ ನಡುವೆ ಕಾರು ಎರಡು ಸಲ ಕೆಮ್ಮಿ, ಜರ್ಕು ಹೊಡೆದು ನಿಂತ ಮೇಲೆ. ಚಾಲಕ ಬಾನೆಟ್ ಎತ್ತಿ, ಬಟ್ಟೆಯನ್ನು ನೀರಲ್ಲಿ ಅದ್ದಿ, ಎಂಜಿನ್ನಿನ ಪಕ್ಕೆಗೆ ಬೋಲ್ಟು ಹಾಕಿದ್ದ ಪೆಟ್ರೋಲ್ ಪಂಪಿಗೆ ಸುತ್ತಿ ಸ್ವಲ್ಪ ಹೊತ್ತು ಕಾಯುತ್ತಿದ್ದ. ಪಂಪು ತಣ್ಣಗಾದ ಮೇಲೆ ಕಾರು ಮತ್ತೆ ಸ್ಟಾರ್ಟ್ ಆಗುತ್ತಿತ್ತು, ಘಾಟಿಯೂ ಮುಗಿಯುತ್ತಿತ್ತು.

ಪೆಟ್ರೋಲು ಹಲವು ಹೈಡ್ರೋಕಾರ್ಬನ್‌ಗಳ ಮಿಶ್ರಣ. ಅದರ ಹಗುರ ಅಂಶಗಳು 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಆವಿಯಾಗತೊಡಗುತ್ತವೆ. ಏರಿನಲ್ಲಿ ಎಂಜಿನ್ ಕಾಯುತ್ತದೆ, ಎದುರುಗಾಳಿ ಕಡಿಮೆ, ಮೇಲಾಗಿ ಪಂಪು ಹಿಂದಿನ ಟ್ಯಾಂಕಿನಿಂದ ಎಣ್ಣೆ ಎಳೆಯುವಾಗ ಪೈಪಿನೊಳಗಿನ ಒತ್ತಡವೂ ಇಳಿದಿರುತ್ತದೆ. ಒತ್ತಡ ಇಳಿದಷ್ಟೂ ಕುದಿಯುವುದು ಸುಲಭ. ಪಂಪಿನ ಡಯಾಫ್ರಾಂ ದ್ರವವನ್ನು ತಳ್ಳಬಲ್ಲದು. ಆವಿ ತುಂಬಿಕೊಂಡರೆ ಅದನ್ನು ಅಮುಕಿ ಬಿಡುತ್ತದೆ, ಅಷ್ಟೇ. ಇದಕ್ಕೆ ವೇಪರ್ ಲಾಕ್ ಎನ್ನುತ್ತಾರೆ. ನಮ್ಮ ಗ್ಯಾರೇಜುಗಳಲ್ಲಿ ಇದೂ ಏರ್ ಲಾಕ್ ಎಂದೇ ನಡೆಯುತ್ತದೆ. ಭೌತಶಾಸ್ತ್ರದ ಪುಸ್ತಕ ತೆರೆಯದ ಚಾಲಕ ಕಂಡುಕೊಂಡಿದ್ದ ಚಿಕಿತ್ಸೆ ಶಾಸ್ತ್ರಕ್ಕೆ ಸರಿಯಾಗಿಯೇ ಇತ್ತು.

ಟ್ಯಾಂಕಿನಿಂದ ಹೊರಟ ಪೆಟ್ರೋಲು ಕಾರ್ಬೊರೇಟರಿನ ಜೆಟ್ಟು ಮುಟ್ಟುವುದರೊಳಗೆ ಎಲ್ಲಿ ನಿಂತಿತು ಎಂದು ಪತ್ತೆ ಹಚ್ಚುವ ಈ ವಿದ್ಯೆಗೆ ಕಾರಿನಷ್ಟೇ ವಯಸ್ಸಾಗಿದೆ. 1888ರ ಆಗಸ್ಟಿನಲ್ಲಿ ಬರ್ತಾ ಬೆಂಜ್ ಎಂಬಾಕೆ ಗಂಡ ಕಾರ್ಲ್ ಬೆಂಜ್‌ಗೆ ಹೇಳದೆ, ಅವನು ಕಟ್ಟಿದ ಮೂರು ಚಕ್ರದ ಬಂಡಿಯನ್ನು ತೆಗೆದುಕೊಂಡು ಜರ್ಮನಿಯ ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ಹೊರಟಳು. ಜೊತೆಗೆ ಇಬ್ಬರು ಗಂಡುಮಕ್ಕಳು. ನೂರು ಕಿಲೋಮೀಟರಿಗೂ ಮಿಕ್ಕ ದಾರಿ. ಬಂಡಿಗೆ ಪ್ರತ್ಯೇಕ ಟ್ಯಾಂಕ್ ಇರಲಿಲ್ಲ. ಕಾರ್ಬೊರೇಟರಿನಲ್ಲಿ ಹಿಡಿಸುವಷ್ಟೇ ಇಂಧನ. ಅದು ತೀರಿದಾಗ ವೀಸ್ಲೋಖ್ ಊರಿನ ಔಷಧಿ ಅಂಗಡಿಯಲ್ಲಿ ಲಿಗ್ರೋಯಿನ್ ಎಂಬ ಶುಚಿಗೊಳಿಸುವ ದ್ರಾವಕ ಕೊಂಡು ತುಂಬಿಸಿದಳು. ದಾರಿಯಲ್ಲಿ ಇಂಧನದ ನಳಿಕೆ ಕಟ್ಟಿಕೊಂಡಿತು. ಬರ್ತಾ ಟೋಪಿಗೆ ಸಿಕ್ಕಿಸಿದ್ದ ಪಿನ್ನು ಕಿತ್ತು ಅದರಿಂದ ಕಸ ತೆಗೆದಳು. ಮೊದಲ ದೂರ ಪ್ರಯಾಣ ಮಾಡಿದ ಚಾಲಕಿಯೇ ರಸ್ತೆಬದಿಯಲ್ಲಿ ಪೆಟ್ರೋಲ್ ಲೈನು ಬಿಡಿಸಿದ ಮೊದಲ ಮೆಕ್ಯಾನಿಕ್ಕೂ ಆದಳು. ಮೋಟಾರಿನ ಚರಿತ್ರೆ ಬರೆಯುವವರು ಆಕೆಯ ಧೈರ್ಯವನ್ನು ಹೊಗಳುತ್ತಾರೆ. ಆಕೆಯ ರಿಪೇರಿಗೂ ಅಷ್ಟೇ ಗೌರವ ಸಲ್ಲಬೇಕು.

ಬೆಂಜ್ ಬಂಡಿಯ ಕಾರ್ಬೊರೇಟರಿನಲ್ಲಿ ಗಾಳಿ ಇಂಧನದ ಮೇಲ್ಮೈಯನ್ನು ಸವರಿಕೊಂಡು ಹೋಗಿ ಆವಿಯನ್ನು ಹೊತ್ತೊಯ್ಯುತ್ತಿತ್ತು. 1890ರ ದಶಕದ ಆರಂಭದಲ್ಲಿ ಹಂಗೇರಿಯ ದೊನಾತ್ ಬಾಂಕಿ ಮತ್ತು ಯಾನೋಶ್ ಚೊಂಕಾ, ಜರ್ಮನಿಯ ವಿಲ್ಹೆಲ್ಮ್ ಮೈಬಾಖ್ ಬೇರೆ ಬೇರೆಯಾಗಿ ದಾರಿ ಬದಲಿಸಿದರು. ಸಣ್ಣ ರಂಧ್ರದಿಂದ ಇಂಧನವನ್ನು ಗಾಳಿಗೆ ಚಿಮ್ಮಿಸುವುದು, ಆ ರಂಧ್ರದ ಹಿಂದೆ ಮಟ್ಟ ಕಾಯುವ ಬಟ್ಟಲು ಇಡುವುದು. ಅಲ್ಲಿಂದ ಮುಂದೆ ಜೆಟ್ಟು, ಫ್ಲೋಟು, ನೀಡಲ್ ವಾಲ್ವು ಎಂಬ ಮೂರು ಸಣ್ಣ ಭಾಗಗಳು ನೂರು ವರ್ಷ ಪ್ರಪಂಚದ ಕಾರುಗಳನ್ನು ಓಡಿಸಿದವು, ನಿಲ್ಲಿಸಿದ್ದೂ ಅವೇ.

ಪೆಟ್ರೋಲನ್ನು ಕಾರ್ಬೊರೇಟರಿಗೆ ತಲುಪಿಸುವ ವಿಧಾನ ಬದಲಾದಂತೆ ತೊಂದರೆಯ ಬಗೆಯೂ ಬದಲಾಯಿತು. ಫೋರ್ಡ್‌ನ ಮಾಡೆಲ್ ಟಿಯಲ್ಲಿ ಪಂಪೇ ಇರಲಿಲ್ಲ. ಸೀಟಿನ ಕೆಳಗಿನ ಟ್ಯಾಂಕಿನಿಂದ ಪೆಟ್ರೋಲು ತನ್ನ ಭಾರಕ್ಕೆ ತಾನೇ ಇಳಿದು ಬರುತ್ತಿತ್ತು. ಟ್ಯಾಂಕ್ ಅರ್ಧಕ್ಕಿಂತ ಕೆಳಗಿದ್ದಾಗ ಕಡಿದಾದ ಏರು ಎದುರಾದರೆ ಮುಂದಿನ ಎಂಜಿನ್ ಮೇಲಾಗಿ, ಟ್ಯಾಂಕ್ ಕೆಳಗಾಗಿ, ಪೆಟ್ರೋಲು ಬಾರದೆ ಕಾರು ನಿಲ್ಲುತ್ತಿತ್ತು. ಚಾಲಕರು ಕಾರು ತಿರುಗಿಸಿ ರಿವರ್ಸ್‌ನಲ್ಲಿ ಗುಡ್ಡ ಹತ್ತುತ್ತಿದ್ದರು. ರಿವರ್ಸ್ ಗೇರಿಗೆ ಎಳೆಯುವ ಶಕ್ತಿ ಹೆಚ್ಚಿದ್ದದ್ದು ಇನ್ನೊಂದು ಲಾಭ.

ಆಮೇಲೆ ವ್ಯಾಕ್ಯೂಮ್ ಟ್ಯಾಂಕ್ ಬಂತು. ಜನರಲ್ ಮೋಟರ್ಸ್ 1928ರಲ್ಲಿ ಬೊಂಬಾಯಿಯಲ್ಲಿ ಕಾರು ಜೋಡಿಸತೊಡಗಿದ ಕಾಲಕ್ಕೆ ಭಾರತದ ರಸ್ತೆಗಳಲ್ಲಿದ್ದ ಹಲವು ಅಮೆರಿಕನ್ ಕಾರುಗಳಲ್ಲಿ ಇದೇ ಏರ್ಪಾಡು. ಎಂಜಿನ್ನು ಗಾಳಿ ಎಳೆದುಕೊಳ್ಳುವಾಗ ಉಂಟಾಗುವ ನಿರ್ವಾತ ಹಿಂದಿನ ಟ್ಯಾಂಕಿನಿಂದ ಪೆಟ್ರೋಲನ್ನು ಮುಂದಿನ ಸಣ್ಣ ಡಬ್ಬಿಗೆ ಎಳೆಯುತ್ತಿತ್ತು. ಆಕ್ಸಿಲರೇಟರ್ ಪೂರ್ತಿ ಒತ್ತಿ ಉದ್ದದ ಏರು ಹತ್ತುವಾಗ ಆ ನಿರ್ವಾತವೇ ಸಾಯುತ್ತದೆ, ಡಬ್ಬಿ ಬರಿದಾಗುತ್ತದೆ. ಬಲ್ಲ ಚಾಲಕ ಏರಿನ ನಡುನಡುವೆ ಕಾಲು ಸಡಿಲಿಸಿ ಡಬ್ಬಿ ತುಂಬಲು ಬಿಡುತ್ತಿದ್ದ. 1920ರ ದಶಕದ ಕೊನೆಗೆ ಎಂಜಿನ್ನಿನ ಕ್ಯಾಮ್‌ನಿಂದಲೇ ನಡೆಯುವ, ಎಸಿ ಎಂಬ ಕಂಪನಿಯ ಡಯಾಫ್ರಾಂ ಪಂಪು ಬಂದು ಈ ಕಷ್ಟವನ್ನು ನೀಗಿತು. ಘಾಟಿಯ ಒದ್ದೆ ಬಟ್ಟೆಯ ಕಥೆ ಶುರುವಾಗುವುದು ಆ ಪಂಪಿನಿಂದ.

ಕರ್ನಾಟಕಕ್ಕೆ ಈ ಚರಿತ್ರೆಯಲ್ಲಿ ಕೈತಪ್ಪಿದ ಒಂದು ಅಧ್ಯಾಯವಿದೆ. ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿ ಯುರೋಪು, ಅಮೆರಿಕ ಸುತ್ತಿ ಕಾರ್ಖಾನೆಗಳನ್ನು ನೋಡಿ ಬಂದು, ದೇಶಕ್ಕೊಂದು ಮೋಟಾರು ಕಾರ್ಖಾನೆ ಬೇಕೆಂದು ಯೋಜನೆ ಬರೆದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಜೊತೆಯಾದರು. ಬೆಂಗಳೂರಿನಲ್ಲಿ ಕಾರು ತಯಾರಾಗುವ ಮಾತು ಗಂಭೀರವಾಗಿಯೇ ನಡೆಯಿತು. ಬ್ರಿಟಿಷ್ ಸರ್ಕಾರ ಒಪ್ಪಲಿಲ್ಲ. ಬೆಂಗಳೂರಿಗೆ 1940ರ ಡಿಸೆಂಬರಿನಲ್ಲಿ ಬಂದದ್ದು ವಿಮಾನದ ಕಾರ್ಖಾನೆ, ಇಂದಿನ ಎಚ್‌ಎಎಲ್. ಕಾರಿನ ಕಾರ್ಖಾನೆ ಪ್ರೀಮಿಯರ್ ಆಟೊಮೊಬೈಲ್ಸ್ ಹೆಸರಿನಲ್ಲಿ 1944ರಲ್ಲಿ ಬೊಂಬಾಯಿಯಲ್ಲಿ ಹುಟ್ಟಿತು. ಮುಂದೆ ಫಿಯೆಟ್ 1100, ಪದ್ಮಿನಿ ಬಂದದ್ದು ಅಲ್ಲಿಂದ.

ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಪೆಟ್ರೋಲಿಗೆ ರೇಷನ್ ಬಂತು. ಬಸ್ಸುಗಳಿಗೆ ಇದ್ದಿಲ ಒಲೆಯ ಡ್ರಮ್ಮು ಕಟ್ಟಿ, ಬ್ಲೋವರ್ ತಿರುಗಿಸಿ ಕೆಂಡ ಮಾಡಿ, ಹೊರಟ ಅನಿಲವನ್ನೇ ಎಂಜಿನ್ನಿಗೆ ಉಣಿಸಿದರು. ಹಳೆಯ ತಲೆಮಾರಿನವರ ನೆನಪಿನಲ್ಲಿ ಈ ಇದ್ದಿಲ ಬಸ್ಸುಗಳು ಬಹುಕಾಲ ಉಳಿದವು. ಏರಿನಲ್ಲಿ ಪ್ರಯಾಣಿಕರೇ ಇಳಿದು ತಳ್ಳಬೇಕಾಗುತ್ತಿತ್ತು.

ಸ್ವಾತಂತ್ರ್ಯದ ನಂತರದ ನಾಲ್ಕು ದಶಕ ನಮ್ಮ ಗ್ಯಾರೇಜುಗಳ ವಿದ್ಯೆಯೆಲ್ಲ ಹೆಚ್ಚುಕಡಿಮೆ ಎರಡು ಕಾರುಗಳ ಸುತ್ತ ಬೆಳೆಯಿತು. ಉತ್ತರಪಾರಾದ ಹಿಂದುಸ್ತಾನ್ ಮೋಟರ್ಸ್‌ನ ಅಂಬಾಸಿಡರ್ 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಾಯಿತು. ಫಿಯೆಟ್ ಮೂಲದ ಕಾರು ಹೆಸರು ಬದಲಿಸುತ್ತಾ, ಕೊನೆಗೆ ಪದ್ಮಿನಿಯಾಗಿ ಹೊಸ ಶತಮಾನದ ಹೊಸ್ತಿಲವರೆಗೆ ಬಂತು. ಒಂದೇ ಎಂಜಿನ್, ಒಂದೇ ಬಗೆಯ ದೋಷ, ದಶಕಗಟ್ಟಲೆ. ಹೊಸತನ ಬೇಕೆಂದವರಿಗೆ ಅದು ಶಾಪ. ಮೆಕ್ಯಾನಿಕ್ಕಿಗೆ ಅದೇ ವರ. ಹದಿಮೂರನೆಯ ವಯಸ್ಸಿಗೆ ಸ್ಪ್ಯಾನರ್ ಎತ್ತಿಕೊಡಲು ಸೇರಿದ ಹುಡುಗ ಮೇಸ್ತ್ರಿಯಾಗುವ ಹೊತ್ತಿಗೆ ಒಂದೇ ಕಾರ್ಬೊರೇಟರನ್ನು ಸಾವಿರ ಸಲ ಬಿಚ್ಚಿ ಜೋಡಿಸಿರುತ್ತಿದ್ದ. ಅಂಥ ಪಳಗಿದ ಕೈ ಯಾವ ತರಬೇತಿ ಶಾಲೆಯಲ್ಲೂ ಸಿಗುವುದಿಲ್ಲ.

ಅವನ ವಿಧಾನಕ್ಕೊಂದು ಕ್ರಮವಿತ್ತು. ಮೊದಲ ಪ್ರಶ್ನೆ, ಕಾರು ಹೇಗೆ ನಿಂತಿತು ಎಂಬುದು. ಸ್ವಿಚ್ ಆಫ್ ಮಾಡಿದ ಹಾಗೆ ಟಕ್ಕನೆ ನಿಂತಿದ್ದರೆ ಕರೆಂಟಿನ ಕಡೆ ನೋಡಬೇಕು: ಕಾಯಿಲ್, ಪಾಯಿಂಟು, ಕಂಡೆನ್ಸರ್. ಕೆಮ್ಮಿ, ಎಳೆದಾಡಿ, ಮೆಲ್ಲಗೆ ನಿಂತಿದ್ದರೆ ಪೆಟ್ರೋಲಿನ ಕಡೆ. ಎರಡನೆಯ ಪ್ರಶ್ನೆ, ಚೋಕ್ ಎಳೆದಾಗ ಏನಾಯಿತು. ಬಿಸಿ ಎಂಜಿನ್ನಿಗೆ ಚೋಕ್ ಎಳೆದರೆ ಉಸಿರುಕಟ್ಟಬೇಕು; ಎಳೆದಾಗಲೇ ಚೆನ್ನಾಗಿ ಓಡಿತೆಂದರೆ ಎಣ್ಣೆ ಕಡಿಮೆ ಬರುತ್ತಿದೆ ಎಂದು ಖಾತ್ರಿ. ಪ್ಲಗ್ ಬಿಚ್ಚಿದರೆ ಮತ್ತೊಂದು ಸಾಕ್ಷಿ: ತುದಿ ಬೆಳ್ಳಗೆ ಸುಟ್ಟಿದ್ದರೆ ಎಣ್ಣೆ ಸಾಲದು, ಕರಿ ಮಸಿ ಹಿಡಿದಿದ್ದರೆ ಹೆಚ್ಚು, ಒದ್ದೆಯಾಗಿದ್ದರೆ ಕಾರ್ಬೊರೇಟರ್ ಉಕ್ಕಿ ಹರಿಯುತ್ತಿದೆ.

ನಂತರ ಪೆಟ್ರೋಲಿನ ದಾರಿಯಲ್ಲೇ ನಡೆಯುವುದು. ಕಾರ್ಬೊರೇಟರಿಗೆ ಬರುವ ಪೈಪು ಬಿಚ್ಚಿ ಗಾಜಿನ ಬಾಟಲಿಗೆ ಇಳಿಬಿಟ್ಟು, ಕಾಯಿಲ್ ವಯರ್ ಕಳಚಿ, ಒಬ್ಬ ಸೆಲ್ಫ್ ಹೊಡೆಯುತ್ತಾನೆ, ಇನ್ನೊಬ್ಬ ಬಾಟಲಿ ನೋಡುತ್ತಾನೆ. ಪೆಟ್ರೋಲು ತುಂಬು ಧಾರೆಯಾಗಿ, ತಾಳ ಹಾಕಿದಂತೆ ಬಿಟ್ಟುಬಿಟ್ಟು ಚಿಮ್ಮಿದರೆ ಪಂಪು ಸರಿ, ತೊಂದರೆ ಮುಂದಿದೆ. ತೊಟ್ಟಿಕ್ಕಿದರೆ ತೊಂದರೆ ಹಿಂದಿದೆ. ಧಾರೆಯ ಜೊತೆ ಗುಳ್ಳೆ ಬಂದರೆ ಎಲ್ಲಕ್ಕಿಂತ ಜಟಿಲ, ಏಕೆಂದರೆ ಟ್ಯಾಂಕಿನಿಂದ ಪಂಪಿನವರೆಗಿನ ಪೈಪು ಎಳೆಯುವ ಪೈಪು. ಅದರಲ್ಲಿ ಸೂಜಿಮೊನೆಯ ತೂತಿದ್ದರೂ ಪೆಟ್ರೋಲು ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಒಡೆದ ಸ್ಟ್ರಾದಲ್ಲಿ ಎಳನೀರು ಎಳೆದಂತೆ ಪಂಪು ಸುಮ್ಮನೆ ದುಡಿಯುತ್ತಿರುತ್ತದೆ. ನೆಲದ ಮೇಲೆ ಒಂದು ಹನಿ ಗುರುತಿಲ್ಲದ ಈ ದೋಷ ಹೊಸಬರನ್ನು ದಿನಗಟ್ಟಲೆ ಸತಾಯಿಸುತ್ತದೆ. ಮೇಸ್ತ್ರಿಗಳು ಪಂಪಿಗೊಂದು ಹೊಸ ಪೈಪು ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ಪೆಟ್ರೋಲ್ ಕ್ಯಾನಿನಲ್ಲಿ ಮುಳುಗಿಸಿ ಕಾರು ಓಡಿಸುತ್ತಿದ್ದರು. ಓಡಿದರೆ ಹಳೆಯ ಪೈಪೋ ಟ್ಯಾಂಕೋ ಕೆಟ್ಟಿದೆ ಎಂದರ್ಥ.

ಟ್ಯಾಂಕಿನ ಮುಚ್ಚಳವನ್ನೂ ಅವರು ಬಿಡುತ್ತಿರಲಿಲ್ಲ. ಪೆಟ್ರೋಲು ಖಾಲಿಯಾದಷ್ಟು ಗಾಳಿ ಒಳಬರಬೇಕು. ಆ ರಂಧ್ರ ಮಣ್ಣಿನಿಂದ ಮುಚ್ಚಿದರೆ ಟ್ಯಾಂಕಿನಲ್ಲಿ ನಿರ್ವಾತ ಹುಟ್ಟಿ ಪಂಪು ಸೋಲುತ್ತದೆ. ಇಪ್ಪತ್ತು ಕಿಲೋಮೀಟರ್ ಚೆನ್ನಾಗಿ ಓಡಿ ನಿಲ್ಲುವ, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಓಡುವ ಕಾರಿನ ಮುಚ್ಚಳ ತಿರುಗಿಸಿದಾಗ ಬುಸ್ ಎಂದು ಗಾಳಿ ಒಳನುಗ್ಗಿದರೆ ಅಲ್ಲಿಗೆ ಪತ್ತೆಯಾಯಿತು.

ಪಂಪಿನೊಳಗಿನ ಡಯಾಫ್ರಾಂ ಹರಿದಿದ್ದರೆ ಅದನ್ನು ಕಂಡುಹಿಡಿಯುವ ಜಾಗ ಪಂಪೇ ಆಗಬೇಕಿಲ್ಲ. ಆಯಿಲ್ ಡಿಪ್‌ಸ್ಟಿಕ್ ಎಳೆದು ಮೂಸಿದರೆ ಸಾಕು. ಹರಿದ ಡಯಾಫ್ರಾಂನಿಂದ ಪೆಟ್ರೋಲು ಎಂಜಿನ್ನಿನ ಕೆಳಗಿನ ತೊಟ್ಟಿಗೆ ಇಳಿಯುತ್ತದೆ. ಆಯಿಲ್ ಮಟ್ಟ ಏರಿರುತ್ತದೆ, ತೆಳ್ಳಗಾಗಿರುತ್ತದೆ, ವಾಸನೆ ಹೊಡೆಯುತ್ತದೆ. ಹಾಗೇ ಓಡಿಸಿದರೆ ಬೇರಿಂಗುಗಳು ಸವೆದು ಎಂಜಿನ್ನೇ ಹೋಗುತ್ತದೆ.

ಹಿಂದುಸ್ತಾನ್ ಮೋಟರ್ಸ್ ಮೊದಲ ವರ್ಷಗಳಲ್ಲಿ ಬೇಬಿ ಹಿಂದುಸ್ತಾನ್ ಎಂದು ಮಾರಿದ ಮಾರಿಸ್ ಮೈನರ್‌ನಲ್ಲಿ ವಿದ್ಯುತ್ ಪಂಪಿತ್ತು, ಅದನ್ನು ಕಿವಿಯಿಂದಲೇ ಪರೀಕ್ಷಿಸಬಹುದಿತ್ತು. ಕೀ ತಿರುಗಿಸಿದೊಡನೆ ಟಿಕ್ ಟಿಕ್ ಎಂದು ಬಡಿದು, ಕಾರ್ಬೊರೇಟರ್ ಬಟ್ಟಲು ತುಂಬಿದ ಮೇಲೆ ಸುಮ್ಮನಾಗಬೇಕು. ನಿಲ್ಲದೆ ಬಡಿಯುತ್ತಿದ್ದರೆ ಟ್ಯಾಂಕ್ ಖಾಲಿ ಅಥವಾ ಎಲ್ಲೋ ಗಾಳಿ ನುಸುಳಿದೆ. ಸದ್ದೇ ಇಲ್ಲದಿದ್ದರೆ ಒಳಗಿನ ಪಾಯಿಂಟು ಅಂಟಿದೆ. ಸ್ಪ್ಯಾನರ್ ಹಿಡಿಯಿಂದ ಮೆಲ್ಲಗೆ ತಟ್ಟಿದರೆ ಮನೆ ಸೇರುವಷ್ಟು ದೂರ ನಡೆಯುತ್ತಿತ್ತು.

ಇಷ್ಟು ದಾಟಿದ ಮೇಲೆ ಕಾರ್ಬೊರೇಟರ್. ಇಲ್ಲಿ ಎರಡು ಮನೆತನಗಳಿದ್ದವು. ಪದ್ಮಿನಿಯಲ್ಲಿದ್ದದ್ದು ಫ್ರಾನ್ಸ್ ಮೂಲದ ಸೋಲೆಕ್ಸ್. ಅದರ ಹಿತ್ತಾಳೆ ಜೆಟ್ಟುಗಳ ಮೇಲೆ ಕೊರೆದ ಸಂಖ್ಯೆ ರಂಧ್ರದ ಅಳತೆ: 115 ಎಂದರೆ 1.15 ಮಿಲಿಮೀಟರ್, 50 ಎಂದರೆ ಅರ್ಧ ಮಿಲಿಮೀಟರ್. ಐಡ್ಲಿಂಗ್ ಜೆಟ್ಟಿನಂಥ ಕಿರಿದಾದ ದ್ವಾರ ಮುಚ್ಚಲು ಟ್ಯಾಂಕಿನ ತುಕ್ಕಿನ ಒಂದು ಕಣ ಸಾಕು. ಸಿಗ್ನಲ್‌ನಲ್ಲಿ ಕಾಲೆತ್ತಿದರೆ ಕಾರು ಆಫ್ ಆಗುತ್ತದೆ, ಓಡುವಾಗ ಸರಿಯಿರುತ್ತದೆ ಎಂದರೆ ಐಡ್ಲಿಂಗ್ ಜೆಟ್ಟು ಕಟ್ಟಿದೆ. ನಿಂತಾಗ ಸರಿ, ವೇಗ ಹೆಚ್ಚಿಸಿದರೆ ಎಳೆಯುವುದಿಲ್ಲ ಎಂದರೆ ಮೇನ್ ಜೆಟ್ಟು. ಆಕ್ಸಿಲರೇಟರ್ ಒತ್ತಿದ ಕ್ಷಣ ಒಮ್ಮೆ ಮುಗ್ಗರಿಸಿ ಆಮೇಲೆ ಓಡಿದರೆ ಆಕ್ಸಿಲರೇಟರ್ ಪಂಪಿನ ಡಯಾಫ್ರಾಂ. ಒಳ್ಳೆಯ ಮೇಸ್ತ್ರಿ ಜೆಟ್ಟಿಗೆ ತಂತಿ ಹಾಕಲು ಬಿಡುತ್ತಿರಲಿಲ್ಲ, ಗಾಳಿ ಹೊಡೆಸುತ್ತಿದ್ದ. ಹಿತ್ತಾಳೆ ಮೆದು, ತಂತಿ ಆಡಿಸಿದರೆ ರಂಧ್ರ ಹಿಗ್ಗುತ್ತದೆ, ಅಂದಿನಿಂದ ಆ ಕಾರಿನ ಮೈಲೇಜು ಕೆಡುತ್ತದೆ. ಎಷ್ಟೋ ಕಾರುಗಳು ಪೆಟ್ರೋಲು ಕುಡಿಯುತ್ತವೆ ಎಂಬ ಅಪಖ್ಯಾತಿ ಹೊತ್ತದ್ದು ಇಂಥ ತಂತಿಗಳ ದೆಸೆಯಿಂದ.

ಫ್ಲೋಟಿನ ಪರೀಕ್ಷೆ ನೋಡಲು ಇನ್ನೂ ಚೆಂದ. ಟೊಳ್ಳು ಹಿತ್ತಾಳೆಯ ಆ ತೇಲುಬುರುಡೆಯಲ್ಲಿ ಕಣ್ಣಿಗೆ ಕಾಣದ ಬಿರುಕು ಬಿಟ್ಟರೆ ಒಳಗೆ ಪೆಟ್ರೋಲು ತುಂಬಿ ಭಾರವಾಗುತ್ತದೆ, ಮೇಲೇಳದೆ ನೀಡಲ್ ವಾಲ್ವನ್ನು ಮುಚ್ಚದೆ ಬಿಡುತ್ತದೆ, ಕಾರ್ಬೊರೇಟರ್ ಉಕ್ಕುತ್ತದೆ. ಮೇಸ್ತ್ರಿ ಅದನ್ನು ಕಿವಿಯ ಹತ್ತಿರ ಅಲ್ಲಾಡಿಸುತ್ತಾನೆ. ಒಳಗೆ ಕುಲುಕಿದ ಸದ್ದು ಬಂದರೆ ಬಿಸಿನೀರಿನಲ್ಲಿ ಅದ್ದುತ್ತಾನೆ. ಒಳಗಿನ ಪೆಟ್ರೋಲು ಆವಿಯಾಗಿ ಗುಳ್ಳೆಯಾಗಿ ಎಲ್ಲಿ ಹೊರಬರುತ್ತದೋ ಅಲ್ಲೇ ತೂತು. ಗುರುತು ಹಾಕಿ, ಒಳಗಿನದೆಲ್ಲ ಹೊರಹೋಗುವವರೆಗೆ ಕಾದು, ಬೆಸುಗೆಯ ಒಂದು ಚುಕ್ಕಿ ಇಡುತ್ತಾನೆ. ಚುಕ್ಕಿ ದಪ್ಪವಾದರೆ ಫ್ಲೋಟ್ ಮತ್ತೆ ಭಾರ, ಮಟ್ಟ ಕೆಡುತ್ತದೆ. ಹೊಸ ಫ್ಲೋಟ್ ಸಿಗದ ಊರುಗಳಲ್ಲಿ ಈ ಒಂದು ಚುಕ್ಕಿ ಕಾರನ್ನು ವರ್ಷಗಟ್ಟಲೆ ಓಡಿಸಿದೆ.

ಎರಡನೆಯ ಮನೆತನ, ಅಂಬಾಸಿಡರಿನ ಹಳೆಯ ಬಿಎಂಸಿ ಎಂಜಿನ್ನಿನ ಮೇಲೆ ಕೂತಿದ್ದ ಎಸ್‌ಯು ಕಾರ್ಬೊರೇಟರ್, ಬೇರೆಯದೇ ಬುದ್ಧಿಯ ಯಂತ್ರ. ಸ್ಕಿನ್ನರ್ ಎಂಬ ಇಂಗ್ಲಿಷ್ ಸಹೋದರರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ರೂಪಿಸಿದ್ದು. ಅವರದು ಚಪ್ಪಲಿ, ಬೂಟಿನ ವ್ಯಾಪಾರದ ಮನೆತನ. ಮೊದಲ ಮಾದರಿಗಳಲ್ಲಿ ಗಾಳಿಯ ದಾರಿ ಹಿಗ್ಗಿಸಿ ಕುಗ್ಗಿಸುತ್ತಿದ್ದದ್ದು ಚರ್ಮದ ತಿದಿ. ನಂತರ ಅದರ ಜಾಗಕ್ಕೆ ಲೋಹದ ಪಿಸ್ಟನ್ ಬಂತು. ಎಂಜಿನ್ನಿಗೆ ಎಷ್ಟು ಗಾಳಿ ಬೇಕೋ ಅಷ್ಟಕ್ಕೆ ಪಿಸ್ಟನ್ ಏರುತ್ತದೆ, ಅದರ ಬುಡದ ಮೊನಚು ಸೂಜಿ ಜೆಟ್ಟಿನಿಂದ ಮೇಲೆದ್ದು ತಕ್ಕಷ್ಟು ಪೆಟ್ರೋಲು ಬಿಡುತ್ತದೆ. ಇದರ ತಪಾಸಣೆಗೆ ಯಾವ ಮೀಟರೂ ಬೇಡ. ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ಪಿಸ್ಟನ್ನನ್ನು ಒಂದು ಮಿಲಿಮೀಟರಿಗಿಂತ ಕಡಿಮೆ ಎತ್ತಿ ಕಿವಿಗೊಡಬೇಕು. ವೇಗ ಏರಿ ಅಲ್ಲೇ ನಿಂತರೆ ಎಣ್ಣೆ ಹೆಚ್ಚು. ಕುಸಿದು ನಿಲ್ಲಲು ಹೋದರೆ ಕಡಿಮೆ. ಕ್ಷಣಮಾತ್ರ ತುಸು ಏರಿ ಮತ್ತೆ ಮೊದಲಿನಂತಾದರೆ ಹದ ಸರಿ. ಎಂಜಿನ್ ನಿಲ್ಲಿಸಿ ಪಿಸ್ಟನ್ನನ್ನು ಪೂರ್ತಿ ಎತ್ತಿ ಬಿಟ್ಟರೆ ಟಕ್ ಎಂದು ತಳಕ್ಕೆ ಬೀಳಬೇಕು. ಸದ್ದಿಲ್ಲದೆ ಇಳಿದರೆ ಎಲ್ಲೋ ಉಜ್ಜುತ್ತಿದೆ.

ಬೆಂಗಳೂರಿನಲ್ಲಿ ಈ ಕಸುಬಿನ ಬೆನ್ನೆಲುಬು ಜೆ.ಸಿ. ರಸ್ತೆ. ಟೌನ್‌ಹಾಲಿನಿಂದ ಮಿನರ್ವ ಸರ್ಕಲ್ಲಿನವರೆಗೆ ಸಾಲುಗಟ್ಟಿದ ಬಿಡಿಭಾಗದ ಅಂಗಡಿಗಳಲ್ಲಿ ಕಾರ್ಬೊರೇಟರ್ ಕಿಟ್ ಎಂದರೆ ಗ್ಯಾಸ್ಕೆಟ್, ವಾಷರ್, ನೀಡಲ್ ವಾಲ್ವ್ ತುಂಬಿದ ಪೊಟ್ಟಣ ಕೈಗೆ ಬರುತ್ತಿತ್ತು. ಹೊಸದು ಸಿಗದ್ದು ಶಿವಾಜಿನಗರದ ಗುಜರಿಯಲ್ಲಿ ಸಿಗುತ್ತಿತ್ತು. ಕನ್ನಡ, ದಖನಿ ಉರ್ದು, ತಮಿಳು ಬೆರೆತ ಮಾತಿನಲ್ಲಿ ವಿದ್ಯೆ ಕೈದಾಟುತ್ತಿತ್ತು. ಅದಕ್ಕೊಂದು ಕರಾಳ ಮುಖವೂ ಇತ್ತು. ಪೈಪಿಗೆ ಬಾಯಿಟ್ಟು ಪೆಟ್ರೋಲು ಎಳೆಯುವುದು, ಕೈ ತೊಳೆಯುವುದು ಪೆಟ್ರೋಲಿನಲ್ಲೇ. ಆ ಪೆಟ್ರೋಲಿನಲ್ಲಿ ಸೀಸವಿತ್ತು. 1921ರಲ್ಲಿ ಅಮೆರಿಕದ ಥಾಮಸ್ ಮಿಡ್‌ಗ್ಲಿ ಪೆಟ್ರೋಲಿಗೆ ಬೆರೆಸಬಹುದೆಂದು ಕಂಡುಕೊಂಡ ಸೀಸದ ಸಂಯುಕ್ತ ಟೆಟ್ರಾಈಥೈಲ್ ಲೆಡ್ ಭಾರತದ ಬಂಕುಗಳಿಂದ ಪೂರ್ತಿ ಹೋದದ್ದು 2000ದ ಫೆಬ್ರವರಿಯಲ್ಲಿ. ಅಲ್ಲಿಯವರೆಗೆ ಗ್ಯಾರೇಜಿನ ಹುಡುಗರು ಸೀಸವನ್ನು ಬಾಯಿ, ಚರ್ಮ, ಉಸಿರಿನಿಂದ ಮೈಗಿಳಿಸಿಕೊಂಡರು. ಅವರ ಆರೋಗ್ಯದ ಲೆಕ್ಕ ಕೇಳಿದವರು ಕಡಿಮೆ.

ಕಲಬೆರಕೆ ಇನ್ನೊಂದು ಪೀಡೆ. ಸಬ್ಸಿಡಿಯ ಸೀಮೆಎಣ್ಣೆಗೂ ಪೆಟ್ರೋಲಿಗೂ ಬೆಲೆಯ ಅಂತರ ಇದ್ದಷ್ಟು ಕಾಲ ಬೆರೆಸುವವರೂ ಇದ್ದರು. ಎಂಜಿನ್ ಟಕಟಕ ಬಡಿಯುವುದು, ಪ್ಲಗ್ಗಿಗೆ ಮಸಿ, ಬೆಳಗ್ಗೆ ಸ್ಟಾರ್ಟ್ ಆಗದಿರುವುದು. ಮಾಲೀಕ ಮೆಕ್ಯಾನಿಕ್ಕನ್ನು ಬೈಯುತ್ತಿದ್ದ, ತಪ್ಪು ಬಂಕಿನದಾಗಿರುತ್ತಿತ್ತು. ಈ ದಂಧೆಯನ್ನು ಎದುರಿಸಿ ಪ್ರಾಣ ಕೊಟ್ಟವನು ಕೋಲಾರ ಚಿನ್ನದ ಗಣಿ ಸೀಮೆಯ ಹುಡುಗ. ಮೈಸೂರಿನ ಎಸ್‌ಜೆಸಿಇಯಲ್ಲಿ ಎಂಜಿನಿಯರಿಂಗ್, ಲಖನೌ ಐಐಎಂನಲ್ಲಿ ಎಂಬಿಎ ಮುಗಿಸಿ ಇಂಡಿಯನ್ ಆಯಿಲ್ ಸೇರಿದ್ದ ಮಂಜುನಾಥ್ ಷಣ್ಮುಗಂ, ಉತ್ತರ ಪ್ರದೇಶದ ಲಖೀಂಪುರ ಖೇರಿಯಲ್ಲಿ ಕಲಬೆರಕೆ ಮಾಡುತ್ತಿದ್ದ ಬಂಕಿಗೆ ಬೀಗ ಹಾಕಿಸಿದರು. 2005ರ ನವೆಂಬರಿನಲ್ಲಿ ಅವರನ್ನು ಗುಂಡಿಟ್ಟು ಕೊಂದರು. ಆಗ ಅವರಿಗೆ 27 ವರ್ಷ.

ಕಾರ್ಬೊರೇಟರಿನ ಅವಸಾನಕ್ಕೆ ಕಾರಣ ಹೊಗೆ. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ಕೂಡ ಕಾರ್ಬೊರೇಟರಿನ ಕಾರೇ. ಜಪಾನಿನ ಮಿಕುನಿ ಸಹಯೋಗದಲ್ಲಿ 1985ರಲ್ಲಿ ಶುರುವಾದ ಚೆನ್ನೈನ ಯುಕಾಲ್ ಅದಕ್ಕೆ ಕಾರ್ಬೊರೇಟರ್ ತಯಾರಿಸಿತು. 1995ರ ಏಪ್ರಿಲ್‌ನಿಂದ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಕ್ಯಾಟಲಿಟಿಕ್ ಕನ್ವರ್ಟರ್ ಕಡ್ಡಾಯವಾಯಿತು, 2000ದ ಏಪ್ರಿಲ್‌ನಿಂದ ದೇಶಕ್ಕೆಲ್ಲ ಹೊಸ ಹೊಗೆ ನಿಯಮ. ಕನ್ವರ್ಟರ್ ಚೆನ್ನಾಗಿ ಕೆಲಸ ಮಾಡಲು 14.7 ಪಾಲು ಗಾಳಿಗೆ ಒಂದು ಪಾಲು ಪೆಟ್ರೋಲಿನ ಹದ ಕ್ಷಣಕ್ಷಣವೂ ಕಾಯಬೇಕು. ಹಿತ್ತಾಳೆಯ ಜೆಟ್ಟಿಗೆ ಅದು ಆಗದ ಮಾತು. ಅದರ ಜಾಗಕ್ಕೆ ಪೆಟ್ರೋಲನ್ನು ಒತ್ತಡದಿಂದ ಚಿಮ್ಮಿಸುವ ಇಂಜೆಕ್ಷನ್ ವ್ಯವಸ್ಥೆ, ಎಂಪಿಎಫ್‌ಐ, ಬಂತು. ಹಳೆಯ ಪಂಪಿನ ಒತ್ತಡ ಚದರಂಗುಲಕ್ಕೆ ಎರಡು ಪೌಂಡಿನ ಆಸುಪಾಸು. ಇಂಜೆಕ್ಷನ್ ಪಂಪಿನದು ಅದರ ಇಪ್ಪತ್ತು ಪಟ್ಟು. ಆ ಒತ್ತಡದಲ್ಲಿ ವೇಪರ್ ಲಾಕ್ ಅಪರೂಪವಾಯಿತು, ತಪಾಸಣೆ ಸ್ಕ್ಯಾನರಿಗೆ ಹೋಯಿತು. ಊರಿನ ಗಾಳಿಗೆ ಇದರಿಂದ ಒಳ್ಳೆಯದೇ ಆಯಿತು. ದ್ವಿಚಕ್ರ ವಾಹನಗಳಲ್ಲಿ ಕಾರ್ಬೊರೇಟರ್ 2020ರ ಬಿಎಸ್ 6 ಹೊಗೆ ನಿಯಮದವರೆಗೂ ಬಾಳಿತು.

ಹಳೆಯ ಕಾರುಗಳಿಗೆ ಈಗ ಹೊಸ ಪರೀಕ್ಷೆ ಎಥನಾಲ್. ಪೆಟ್ರೋಲಿಗೆ ಆಲ್ಕೊಹಾಲ್ ಬೆರೆಸುವ ವಿಚಾರ ಹೊಸತಲ್ಲ. ಅದಕ್ಕಾಗಿ 1948ರಲ್ಲೇ ಕಾನೂನು ಬಂದಿತ್ತು. ಆದರೆ ಶೇಕಡ 20 ಎಥನಾಲ್ ಬೆರೆಸಿದ ಇ20 ಪೆಟ್ರೋಲನ್ನು ಪ್ರಧಾನಿ ಬಿಡುಗಡೆ ಮಾಡಿದ್ದು 2023ರ ಫೆಬ್ರವರಿ 6ರಂದು, ಬೆಂಗಳೂರಿನಲ್ಲಿ ನಡೆದ ಇಂಡಿಯಾ ಎನರ್ಜಿ ವೀಕ್‌ನಲ್ಲಿ. ಮೊದಲಿಗೆ 84 ಬಂಕುಗಳಲ್ಲಿ ಶುರುವಾದದ್ದು ಈಗ ಬಹುತೇಕ ಎಲ್ಲೆಡೆ. ಬೆಳಗಾವಿ, ಬಾಗಲಕೋಟೆಯ ಕಬ್ಬು ಬೆಳೆಗಾರರಿಗೆ ಇದರಿಂದ ಅನುಕೂಲವಿದೆ, ಅದನ್ನು ಅಲ್ಲಗಳೆಯಲಾಗದು. ಐವತ್ತು ವರ್ಷದ ಫಿಯೆಟ್‌ಗೆ ಮಾತ್ರ ಇದು ಕಷ್ಟದ ಆಹಾರ. ಎಥನಾಲ್ ಉರಿಯಲು ಪೆಟ್ರೋಲಿಗಿಂತ ಕಡಿಮೆ ಗಾಳಿ ಸಾಕು. ಇ20ಕ್ಕೆ ಬೇಕಾದ ಹದ ಸುಮಾರು 13.5ಕ್ಕೆ ಒಂದು. ಜೆಟ್ಟಿನ ತೂತು ಹಳೆಯದೇ ಆದ್ದರಿಂದ ಎಂಜಿನ್ನಿಗೆ ಎಣ್ಣೆ ಸಾಲುವುದಿಲ್ಲ. ಮೇನ್ ಜೆಟ್ಟನ್ನು ಒಂದು ಅಳತೆ ದೊಡ್ಡದು ಹಾಕಬೇಕಾಗಬಹುದು. ಹಳೆಯ ರಬ್ಬರ್ ಹೋಸು, ಡಯಾಫ್ರಾಂ ಮೆತ್ತಗಾಗಿ ಉಬ್ಬುತ್ತವೆ, ಆಮೇಲೆ ಬಿರಿಯುತ್ತವೆ. ಟ್ಯಾಂಕಿನಲ್ಲಿ ದಶಕಗಳಿಂದ ಅಂಟಿದ್ದ ಜಿಡ್ಡನ್ನು ಎಥನಾಲ್ ಕರಗಿಸಿ ಫಿಲ್ಟರಿಗೆ ತಂದು ತುಂಬುತ್ತದೆ. ಗಾಳಿಯ ತೇವ ಹೀರಿ, ತಿಂಗಳುಗಟ್ಟಲೆ ನಿಂತ ಕಾರಿನಲ್ಲಿ ನೀರಿನ ಜೊತೆ ಬೇರ್ಪಟ್ಟು ಟ್ಯಾಂಕಿನ ತಳ ಸೇರುತ್ತದೆ. ಪಂಪು ಮೊದಲು ಎಳೆಯುವುದು ಅದನ್ನೇ.

ಬಾಟಲಿ ಪರೀಕ್ಷೆ, ಫ್ಲೋಟಿನ ಕುಲುಕು, ಮುಚ್ಚಳದ ಬುಸ್ ಸದ್ದು ಇವತ್ತಿಗೂ ಬೇಕಾದವು. ಧರ್ಮಸ್ಥಳದ ಕಾರು ಸಂಗ್ರಹಾಲಯದಲ್ಲಿ ಜನ ಈಗಲೂ ಹಳೆಯ ಕಾರು ನೋಡುತ್ತಾರೆ. 2021ರ ಕೇಂದ್ರ ನಿಯಮ 50 ವರ್ಷ ದಾಟಿದ ವಾಹನಗಳಿಗೆ ವಿಂಟೇಜ್ ನೋಂದಣಿಗೂ ಅವಕಾಶ ಕೊಟ್ಟಿದೆ. ಕಾರು ಉಳಿಸಲು ದಾರಿಯಿದೆ, ಅದನ್ನು ಓಡಿಸುವ ವಿದ್ಯೆಯನ್ನು ಉಳಿಸಲು ಯಾರೂ ಅಷ್ಟು ಶ್ರಮ ಪಟ್ಟಿಲ್ಲ. ಅದು ಬಹುಪಾಲು ಬರಹಕ್ಕೆ ಇಳಿಯದೆ ಕೈಯಿಂದ ಕೈಗೆ ಬಂದದ್ದು, ಬಲ್ಲ ಮೇಸ್ತ್ರಿಗಳಿಗೆ ವಯಸ್ಸಾಗುತ್ತಿದೆ.

ಮನೆಯಲ್ಲಿ ಹಳೆಯ ಕಾರು ಇಟ್ಟುಕೊಂಡವರು ಈ ವಾರವೇ ಬಾನೆಟ್ ಎತ್ತಿ ಪೆಟ್ರೋಲ್ ಹೋಸನ್ನು ಬೆರಳಲ್ಲಿ ಒತ್ತಿ ನೋಡಿ. ಬಿರುಕೋ ಮೆತ್ತಗಾದ ಜಾಗವೋ ಕಂಡರೆ ಎಥನಾಲ್ ತಾಳುವ ಹೋಸ್ ಹಾಕಿಸಿ. ಬಿಸಿ ಎಂಜಿನ್ನಿನ ಮೇಲೆ ಸೋರಿದ ಪೆಟ್ರೋಲು ಕಾರನ್ನೇ ಸುಟ್ಟೀತು. ಮೇಸ್ತ್ರಿ ಕೆಲಸಕ್ಕೆ ಬಂದಾಗ ಪಕ್ಕದಲ್ಲೇ ನಿಲ್ಲಿ. ಅವರು ಏನು ಮೊದಲು ಬಿಚ್ಚುತ್ತಾರೆ, ಎಲ್ಲಿ ಕಿವಿಗೊಡುತ್ತಾರೆ, ಯಾಕೆ ಎಂದು ಕೇಳಿ ಕನ್ನಡದಲ್ಲಿ ಬರೆದಿಡಿ, ಒಪ್ಪಿದರೆ ಫೋನಿನಲ್ಲಿ ಚಿತ್ರೀಕರಿಸಿಕೊಳ್ಳಿ, ಕಲಿಯಬಯಸುವ ಹುಡುಗ ಹುಡುಗಿಯರಿಗೆ ಕೊಡಿ.